ಭಾವನ ಹೆಸರಿಗಾಗಿ ಕೊಲಂಬೊವರೆಗೆ

ಹಾಸನ

ನಾನು ಕೊಲಂಬೊ ನೋಡಿ ಬಂದೆನೆಂದರೆ ಚನ್ನರಾಯಪಟ್ಟಣದ ಜನ ಮೊದಲು ಕೇಳುವುದು ರಾವಣನ ಅರಮನೆ ಹೇಗಿತ್ತು ಎಂದು. ಅದನ್ನು ನಾನು ನೋಡಲಿಲ್ಲ. ನಾನು ನೋಡಿದ್ದು ಬಹುಪಾಲು ಮೇಜುಗಳನ್ನು, ಮೇಜುಗಳ ಹಿಂದೆ ಕೂತವರನ್ನು. ತಾಲ್ಲೂಕು ಕಚೇರಿಯ ಗುಮಾಸ್ತನಾದ ನನಗೆ ಮೇಜು ಹೊಸದಲ್ಲ. ಆದರೆ ಊರಿನಲ್ಲಿ ನಾನು ಅದರ ಆ ಕಡೆ ಕೂರುವವನು. ಈ ಸಲ ಈ ಕಡೆ ನಿಂತೆ. ವಿದೇಶ ಪ್ರವಾಸದಿಂದ ನನಗಾದ ಮುಖ್ಯ ಅನುಭವ ಅದೇ.

ಹೊರಟದ್ದು ನನ್ನ ಅಕ್ಕ ಗೌರಮ್ಮನ ಸಲುವಾಗಿ. ಅವಳ ಗಂಡ, ಅಂದರೆ ನಮ್ಮ ಭಾವ, ಅರಕಲಗೂಡಿನವರು. ನಾನಿನ್ನೂ ತೊಟ್ಟಿಲಲ್ಲಿದ್ದಾಗ ಅಣ್ಣತಮ್ಮಂದಿರ ಜೊತೆ ಮನಸ್ತಾಪ ಮಾಡಿಕೊಂಡು, ಯಾರೋ ಹೋಟೆಲಿನವರ ಹಿಂದೆ ಸಿಂಹಳಕ್ಕೆ ಹೋದರು. ಆಗೆಲ್ಲ ಸಿಂಹಳಕ್ಕೆ ಹೋಗುವುದೆಂದರೆ ಅರಸೀಕೆರೆಗೆ ಹೋಗಿಬಂದಷ್ಟೇ ಸಲೀಸು. ಟಿಕೇಟು ಇದ್ದರೆ ಆಯಿತು, ನೀನು ಯಾರು, ಯಾರ ಮಗ ಎಂದು ಕೇಳುವವರಿರಲಿಲ್ಲ. ಮೊದಮೊದಲು ಕಾರ್ಡು ಬರುತ್ತಿದ್ದವು. ಯುದ್ಧ ಬಂತು, ಕಾರ್ಡು ನಿಂತವು. ಅಕ್ಕ ಹೊಳೆನರಸೀಪುರದ ನಮ್ಮ ಮನೆಗೆ ಬಂದವಳು ಅಲ್ಲೇ ಉಳಿದಳು. ದಿನಾ ಬೆಳಿಗ್ಗೆ ಕುಂಕುಮ ಇಟ್ಟುಕೊಳ್ಳುವಾಗ ಯಾರಾದರೂ ಅನುಮಾನದಿಂದ ನೋಡಿದರೆ ಇನ್ನೂ ಸ್ವಲ್ಪ ದೊಡ್ಡದಾಗಿ ಇಟ್ಟುಕೊಳ್ಳುತ್ತಿದ್ದಳು.

ಐವತ್ತರ ದಶಕ ಮುಗಿಯುತ್ತಾ ಬಂದಾಗ ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿಯೊಬ್ಬರು ಕೊಲಂಬೊಗೆ ಹೋಗಿ ಬಂದರು. ಅಲ್ಲಿನ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತಾಗ ಎಲೆಗೆ ನಮ್ಮ ಕಡೆಯ ಮಸ್ಸೊಪ್ಪು ಬಿತ್ತಂತೆ. ತುತ್ತು ಬಾಯಿಗಿಟ್ಟವರು ಅಡಿಗೆಯವನನ್ನು ಕರೆಸಿದರಂತೆ.

“ಯಾವೂರಯ್ಯ ಅಂದೆ, ಅರಕಲಗೂಡು ಅಂದ,” ಎಂದು ನಮ್ಮ ಕಚೇರಿಗೇ ಬಂದು ಹೇಳಿದರು. “ನಿಮ್ ಭಾವ್ನೇ ಕಣ್ರೀ ಬಸಪ್ಪನೋರೆ. ಆಳು ಸೊರಗೋಗವ್ರೆ. ಕೆಮ್ಮು. ಊರಿಗ್ ಬತ್ತೀನಿ ಅಂತಾರೆ. ಆದ್ರೆ ಈಗ ಕಾಗ್ದ ಇಲ್ದೆ ಹಡಗು ಅತ್ತಿಸಾಕಿಲ್ಲ. ಅವ್ರ ತಾವ ಆ ದೇಸದ ಕಾಗ್ದಾನೂ ಇಲ್ಲ, ನಮ್ ದೇಸದ್ದೂ ಇಲ್ಲ. ಎಂಡ್ತಿ ಬಂದು, ಇವ್ರು ಇಂಥೋರು, ನನ್ ಗಂಡ ಅಂತ ಸಾಕ್ಷಿ ಯೋಳಿದ್ರೆ ಕೊಟ್ಟಾರು.”

ಅಷ್ಟೇ ತಾನೆ, ಹೇಳಿದರಾಯಿತು ಎಂದು ಓದುಗರಿಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತು. ಆದರೆ ಅಕ್ಕ ಗಂಡನ ಹೆಸರು ಹೇಳುವವಳಲ್ಲ. ನಮ್ಮ ಕಡೆ ಯಾವ ಹೆಂಗಸೂ ಹೇಳುವುದಿಲ್ಲ. ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಎಂದು ನಂಬಿಕೆ. ಅದರಲ್ಲೂ ಅಕ್ಕನ ಕಷ್ಟ ಉಳಿದವರಿಗಿಂತ ಹೆಚ್ಚಿನದು. ಭಾವನ ಹೆಸರು ಶಿವನಂಜಪ್ಪ. ಶಿವಭಕ್ತರ ಮನೆಯಲ್ಲಿ ಹುಟ್ಟಿ, ಕೊರಳಲ್ಲಿ ಲಿಂಗ ಕಟ್ಟಿಕೊಂಡು, ಬಾಯಲ್ಲಿ ಶಿವ ಎನ್ನುವಂತಿಲ್ಲ. ಎಲ್ಲರೂ ಶಿವ ಶಿವ ಎನ್ನುವ ಕಡೆ ಇವಳೊಬ್ಬಳು ಸ್ವಾಮಿ ಸ್ವಾಮಿ ಎನ್ನುತ್ತಿದ್ದಳು. ನಂಜನಗೂಡಿನ ಜಾತ್ರೆಗೆ ಹೋಗಿ ಬಂದರೂ ಅದು ಅವಳಿಗೆ ಕಪಿಲೆ ಊರು.

ಪಾಸ್‌ಪೋರ್ಟಿಗೆ, ನಮ್ಮ ಕಚೇರಿಯ ಕನ್ನಡದಲ್ಲಿ ಹೇಳುವುದಾದರೆ ರಹದಾರಿಗೆ, ಹಾಸನದಲ್ಲಿ ಅರ್ಜಿ ಹಾಕಿದೆವು. ಅದರಲ್ಲಿ ಎತ್ತರ, ಕಣ್ಣಿನ ಬಣ್ಣ, ಮೈಮೇಲಿನ ಗುರುತು ಎಂದೆಲ್ಲ ಇತ್ತು. ಫೋಟೊ ತೆಗೆಸಿದ ಅಂಗಡಿಯ ಪಕ್ಕದಲ್ಲಿದ್ದ ದರ್ಜಿಯ ಕೈಲಿ ಅಕ್ಕನ ಎತ್ತರ ಅಳೆಸಿದೆ.

“ಬಟ್ಟೆ ಒಲಿಯಾಕಿಲ್ಲ, ಏನಿಲ್ಲ, ಸುಮ್ಕೆ ಅಳೀತಾನಲ್ಲೋ,” ಎಂದಳು.

ಕಣ್ಣಿನ ಬಣ್ಣ ಬರೆಯುವಾಗ ದರ್ಜಿ, ಅಕ್ಕ, ನಾನು ಮೂವರೂ ಒಬ್ಬರ ಕಣ್ಣನ್ನೊಬ್ಬರು ನೋಡಿಕೊಂಡೆವು. ನನ್ನನ್ನು ಎತ್ತಿ ಆಡಿಸಿದ ಅಕ್ಕನ ಕಣ್ಣು ಯಾವ ಬಣ್ಣ ಎಂದು ನಾನು ಆವರೆಗೆ ಯೋಚಿಸಿರಲಿಲ್ಲ. ಕಪ್ಪು ಎಂದು ಬರೆದೆ. ಗುರುತಿಗೆ ಬಲಗೈಯ ಹಚ್ಚೆ. ಹುಟ್ಟಿದ ದಿನ ಯಾವುದೆಂದರೆ, ಮೊಸಳೆ ಎಂಬ ಊರಿನ ಅಜ್ಜಿಮನೆಯಲ್ಲಿ, ಪ್ಲೇಗು ಬಂದು ಊರೆಲ್ಲ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ ಎಂದಳು. ಅದನ್ನೊಂದು ತಾರೀಖು ಮಾಡುವುದು ಗುಮಾಸ್ತನಿಗೆ ಕಷ್ಟವಲ್ಲ.

ಆಮೇಲೆ ವಿಚಾರಣೆಗೆ ಪೊಲೀಸಿನವರು ಮನೆಗೆ ಬಂದರು. “ಗಂಡನ ಹೆಸರೇನಮ್ಮ?” ಎಂದರು. ಅಕ್ಕ ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟಳು. ಕುಡಿದು ಮತ್ತೆ ಕೇಳಿದರು. ಮತ್ತೊಂದು ಲೋಟ ತಂದಳು. ಅವರೂ ನಮ್ಮ ಕಡೆಯವರೇ. ಎರಡನೇ ಲೋಟ ಮುಗಿಸಿ, ಪಕ್ಕದ ಮನೆಗೆ ಹೋಗಿ ಕೇಳಿ ಬರೆದುಕೊಂಡರು.

ಮಂಡಪಂ

ಮದರಾಸಿನಿಂದ ರಹದಾರಿಗಳು ಬಂದ ಮೇಲೆ ರೈಲು ಹತ್ತಿದೆವು. ಕಡಲ ಈ ಕಡೆಯ ಮಂಡಪಂನಲ್ಲಿ ಸಿಂಹಳಕ್ಕೆ ಹೋಗುವವರ ಆರೋಗ್ಯ ತಪಾಸಣೆ. ತೋಟದ ಕೂಲಿಗೆ ಹೋಗುವ ತಮಿಳು ಸಂಸಾರಗಳು ಪಾತ್ರೆಪಗಡದ ಸಮೇತ ಸಾಲಾಗಿ ಕೂತಿದ್ದವು. ಆ ಸಾಲಿನ ಶಿಸ್ತು ನೋಡಿ ನನಗೆ ಆಶ್ಚರ್ಯವಾಯಿತು. ನಮ್ಮ ಕಚೇರಿಯ ಮುಂದೆ ಮೂರು ಜನ ಸೇರಿದರೆ ಮೂವರೂ ಮೊದಲಿಗರು.

ನನಗೊಂದು ಸಂಗತಿ ಅಲ್ಲಿ ಹೊಳೆಯಿತು. ಸಿಡುಬಿನ ಚುಚ್ಚು ಹಾಕಿಸಿದ ಗುರುತು ಅಕ್ಕನ ತೋಳಿನ ಮೇಲೆ ಎದ್ದು ಕಾಣುತ್ತಿತ್ತು. ವೈದ್ಯರು ಆ ತೋಳನ್ನು ನೋಡಲಿಲ್ಲ. ತೋಳಿನ ಬಗ್ಗೆ ಬರೆದ ಚೀಟಿಯನ್ನು ನೋಡಿ ತಲೆಯಾಡಿಸಿದರು. ನಾನೂ ಊರಿನಲ್ಲಿ ಅದನ್ನೇ ಮಾಡುವವನು. ಎದುರಿಗೆ ನಿಂತ ರೈತ ಬದುಕಿದ್ದಾನೆ ಎನ್ನುವುದು ನನಗೆ ಖಾತ್ರಿಯಾಗುವುದು ಶಾನುಭೋಗರು ಬರೆದುಕೊಟ್ಟ ಮೇಲೆ.

ಅಕ್ಕನಿಗೆ ಈ ಯೋಚನೆಗಳಿಲ್ಲ. ಬುತ್ತಿಯ ಗಂಟು ಬಿಚ್ಚಿ ರೊಟ್ಟಿ ತಿನ್ನುತ್ತಾ, “ಅವ್ರಿಗೆ ಚಟ್ನಿಪುಡಿ ಬ್ಯಾರೆ ಕಟ್ಟಿವ್ನಿ, ಅದ್ರಾಗೆ ಕೈ ಆಕ್ಬ್ಯಾಡ,” ಎಂದಳು. ಅಷ್ಟು ವರ್ಷ ಬೇರೆಯವರಿಗೆ ಅಡಿಗೆ ಮಾಡಿ ಹಾಕಿದವರಿಗೆ ಚಟ್ನಿಪುಡಿ ಒಯ್ಯುವುದು ನನಗೆ ವಿಚಿತ್ರವಾಗಿ ಕಂಡಿತು.

ತಲೈಮನ್ನಾರ್

ಧನುಷ್ಕೋಡಿಯಿಂದ ಹಡಗು. ಹೇಮಾವತಿ ತುಂಬಿ ಹರಿಯುವುದನ್ನು ನೋಡಿ ಬೆಳೆದ ನನಗೆ ನೀರೆಂದರೆ ಒಂದು ಕಡೆಗೆ ಹೋಗುವ ವಸ್ತು. ಇದು ಎಲ್ಲ ಕಡೆಗೂ ಹೋಗುತ್ತಿತ್ತು. ಹಡಗಿನ ಕಟಕಟೆ ಹಿಡಿದು ನಿಂತೆ. ಅಲೆ ಹಾರಿ ಮುಖಕ್ಕೆ ಬಡಿಯಿತು. ಅಕ್ಕ ಕೆಳಗೆ ಕೂತು ಕಣ್ಣು ಮುಚ್ಚಿಕೊಂಡು ಸ್ವಾಮಿ ಸ್ವಾಮಿ ಎನ್ನುತ್ತಿದ್ದಳು.

ಆ ಅಲೆಯಿಂದ ತಲೈಮನ್ನಾರಿನಲ್ಲಿ ನನಗೆ ಫಜೀತಿಯಾಯಿತು. ಹಾಸನದಲ್ಲಿ ಫೋಟೊ ತೆಗೆಸುವ ದಿನ ಶುಭಕಾರ್ಯವೆಂದು ಹಣೆತುಂಬ ದಪ್ಪಗೆ ವಿಭೂತಿ ಬಳಿದುಕೊಂಡಿದ್ದೆ. ರಹದಾರಿಯಲ್ಲಿ ಮುಖಕ್ಕಿಂತ ವಿಭೂತಿಯೇ ಮುಂದೆ ಕಾಣುತ್ತಿತ್ತು. ಹಡಗಿಳಿದವನ ಹಣೆ ಬರಿದು. ಅಲ್ಲಿನ ಅಧಿಕಾರಿ ಚಿತ್ರ ನೋಡಿದ, ನನ್ನನ್ನು ನೋಡಿದ, ಪಕ್ಕದವನನ್ನು ಕರೆದು ತೋರಿಸಿದ. ಇಬ್ಬರೂ ಸೇರಿ ನೋಡಿದರು.

“ಇದು ನೀವಲ್ಲ,” ಎಂದ ಇಂಗ್ಲಿಷಿನಲ್ಲಿ.

ಇಂಥ ಮಾತಿಗೆ ಏನು ಉತ್ತರ ಕೊಡಬೇಕೆಂದು ನಮಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಚೀಲದಿಂದ ವಿಭೂತಿ ಗಟ್ಟಿ ತೆಗೆದು, ಮೂಲೆಯಲ್ಲಿದ್ದ ಕೊಡದ ನೀರಿನಲ್ಲಿ ಬೆರಳು ಅದ್ದಿ, ಅವರ ಎದುರಿಗೇ ಮೂರು ಪಟ್ಟೆ ಎಳೆದುಕೊಂಡೆ. ಅಧಿಕಾರಿ ಮತ್ತೆ ಚಿತ್ರ ನೋಡಿ, “ಈಗ ನೀವು,” ಎಂದು ಮುದ್ರೆ ಒತ್ತಿದ. ಮುಂದೆ ಊರು ಸೇರುವವರೆಗೂ ನಾನು ಮುಖ ಒರೆಸಿಕೊಳ್ಳಲಿಲ್ಲ.

ಅಕ್ಕನ ಸರದಿ ಬಂದಾಗ ಅದೇ ಹಳೆಯ ಪ್ರಶ್ನೆ. ಒಬ್ಬ ತಮಿಳು ಗುಮಾಸ್ತ ಕೇಳಿದ, ಅಕ್ಕ ನೆಲ ನೋಡಿದಳು. ನಾನು ಹೇಳಿದೆ. ನಿನ್ನನ್ನು ಕೇಳಲಿಲ್ಲ ಎಂದ. ಗಂಡನ ಊರಿಗೆ ಹೊರಟವಳು ಗಂಡನ ಹೆಸರು ಹೇಳಳು ಎಂದರೆ ಯಾರಿಗಾದರೂ ಅನುಮಾನ ಬರುವುದೇ. ಕೊನೆಗೆ ರಹದಾರಿಯಲ್ಲಿ ಬರೆದದ್ದನ್ನು ತಾನೇ ಓದಿ, ನನ್ನನ್ನೂ ಅವಳನ್ನೂ ಒಂದು ಸುತ್ತು ನೋಡಿ, ಬಿಟ್ಟುಬಿಟ್ಟ. ಬರೆದದ್ದು ಉಳಿಸಿತು ಎಂದು ನಾನು ನಿಟ್ಟುಸಿರು ಬಿಟ್ಟೆ. ಬರೆದದ್ದೇ ಇಲ್ಲದ ಮನುಷ್ಯನನ್ನು ಕರೆತರಲು ಹೊರಟಿದ್ದೇವೆ ಎನ್ನುವುದು ಆ ಗಳಿಗೆಯಲ್ಲಿ ಮರೆತೇ ಹೋಗಿತ್ತು.

ಕೊಲಂಬೊ

ಸಿಂಹಳದ ಜನರ ಬಗ್ಗೆ ಎರಡು ಮಾತು ಹೇಳದಿದ್ದರೆ ಪ್ರವಾಸ ಕಥನವಾಗುವುದಿಲ್ಲ. ಅವರು ಚಹಾಕ್ಕೆ ಹಾಲು ಹಾಕದೆ, ಬೆಲ್ಲವನ್ನೂ ಕರಗಿಸದೆ, ಬೆಲ್ಲದ ತುಂಡನ್ನು ಕೈಯಲ್ಲಿ ಹಿಡಿದು ಒಮ್ಮೆ ಕಚ್ಚುತ್ತಾರೆ, ಒಮ್ಮೆ ಗುಟುಕು ಹೀರುತ್ತಾರೆ. ನಮ್ಮ ಕಡೆ ತೆಂಗಿನಕಾಯಿ ಕೊಬ್ಬರಿಯಾಗಿ ಸಂತೆಗೆ ಹೋಗುತ್ತದೆ. ಅಲ್ಲಿ ಹಾಲಾಗಿ ಮನೆಯ ಪ್ರತಿಯೊಂದು ಸಾರಿಗೂ ಬೀಳುತ್ತದೆ. ಅರಳಿಮರಕ್ಕೆ ಬಿಳಿ ಬಟ್ಟೆ ಉಟ್ಟ ಹೆಂಗಸರು ನೀರು ಹಾಕಿ ಸುತ್ತುತ್ತಿದ್ದರು. ಅಕ್ಕ ಕೊಡ ಇಸಿದುಕೊಂಡು ತಾನೂ ಒಂದು ಸುತ್ತು ಬಂದಳು. ಅವಳು ಯಾವ ದೇಶದವಳೆಂದು ಅಲ್ಲಿ ಯಾರೂ ಕೇಳಲಿಲ್ಲ.

ಹೋಟೆಲು ಸಿಕ್ಕಿತು. ಅರಕಲಗೂಡಿನ ಶಿವನಂಜಪ್ಪ ಎಂದರೆ ಗಲ್ಲಾದಲ್ಲಿ ಕೂತ ಮಾಲೀಕರಿಗೆ ಗೊತ್ತಾಗಲಿಲ್ಲ. ಅಡಿಗೆಯವರು, ಕೆಮ್ಮುತ್ತಾರೆ ಎಂದಾಗ, “ಓ, ಮಣಿ,” ಎಂದರು. ಮೊದಲಿದ್ದ ಅಡಿಗೆಯವನ ಹೆಸರು ಮಣಿಯಂತೆ. ಅವನು ಬಿಟ್ಟು ಹೋದ ಜಾಗಕ್ಕೆ ಭಾವ ಬಂದರು. ಹೊಸ ಹೆಸರು ಕಲಿಯುವ ತೊಂದರೆ ಯಾಕೆಂದು ಹಳೆಯದನ್ನೇ ಇವರಿಗೆ ಹೊದಿಸಿದರು. ಅಂದಿನಿಂದ ಇಡೀ ಬೀದಿಗೆ ಅವರು ಮಣಿ.

ಭಾವ ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದರು. ತೆಳ್ಳಗೆ, ಉದ್ದಕ್ಕೆ, ಎದೆ ಒಳಕ್ಕೆ ಹೋದ ಮನುಷ್ಯ. ನನ್ನ ಗುರುತು ಹತ್ತುವ ಹಾಗಿರಲಿಲ್ಲ. ಅಕ್ಕನನ್ನು ನೋಡಿ ನಿಂತರು. ಇಬ್ಬರೂ ಅಳುತ್ತಾರೆಂದು ನಾನು ಮುಖ ಬೇರೆ ಕಡೆ ತಿರುಗಿಸಿದೆ.

“ಬಂದ್ಯಾ?” ಎಂದರು.

“ಊಂ.”

“ಉಂಡ್ರಾ?”

“ಇಲ್ಲ.”

ಎಲೆ ಹಾಕಿ ಬಡಿಸಿದರು. ಅಕ್ಕ ಚಟ್ನಿಪುಡಿಯ ಗಂಟನ್ನು ಅವರ ಕೈಗೆ ಕೊಟ್ಟಳು. ಬಿಚ್ಚಿ, ಮೂಸಿ, ಸೊಂಟದ ಪಂಚೆಗೆ ಸಿಕ್ಕಿಸಿಕೊಂಡು ಅನ್ನ ತರಲು ಹೋದರು. ಅಡಿಗೆಮನೆಯಿಂದ ಬಹಳ ಹೊತ್ತು ಕೆಮ್ಮು ಕೇಳಿಸುತ್ತಿತ್ತು. ಅನ್ನ ಬರುವುದು ತಡವಾಯಿತು.

ಮತ್ತೆ ಮೇಜು

ಮಾರನೆಯ ದಿನ ಮೂವರೂ ಅಲ್ಲಿರುವ ನಮ್ಮ ದೇಶದ ಕಚೇರಿಗೆ ಹೋದೆವು. ಅಧಿಕಾರಿ ಸೇಲಂ ಕಡೆಯವರು, ಮೃದು ಮಾತಿನವರು. ಊರಿಗೆ ಮರಳಲು ಒಂದು ಸಲಕ್ಕೆ ಸಲ್ಲುವ ಕಾಗದ ಕೊಡಬಹುದು ಎಂದರು. ಆದರೆ ಇವರು ಯಾರೆಂದು ಸಾಬೀತಾಗಬೇಕು.

“ಇವರನ್ನು ಇಡೀ ಕೊಲಂಬೊ ಮಣಿ ಎನ್ನುತ್ತದೆ. ಅರಕಲಗೂಡಿನ ಶಿವನಂಜಪ್ಪ ಎನ್ನುವವರು ನೀವೊಬ್ಬರೇ. ನೀವು ಇವರನ್ನು ಊರಿನಲ್ಲಿ ಕೊನೆಗೆ ನೋಡಿದ್ದು ಯಾವಾಗ?” ಎಂದು ನನ್ನನ್ನು ಕೇಳಿದರು.

“ತೊಟ್ಟಿಲಲ್ಲಿದ್ದಾಗ.”

“ತೊಟ್ಟಿಲ ಸಾಕ್ಷಿ ನಡೆಯುವುದಿಲ್ಲ,” ಎಂದರು. “ಇವರ ಪತ್ನಿ ಹೇಳಲಿ.”

ಅಕ್ಕನಿಗೆ ಓದುಬರಹ ಬಾರದು. ಹೆಬ್ಬೆಟ್ಟು ಒತ್ತುತ್ತಾಳೆ, ನೀವೇ ಹೆಸರು ಓದಿ, ಅವಳು ಹೌದೆಂದು ತಲೆ ಆಡಿಸುತ್ತಾಳೆ ಎಂದೆ. ಅವರು ಒಪ್ಪಲಿಲ್ಲ. ಓದಲು ಬಾರದವರು ಹೆಬ್ಬೆಟ್ಟಿಗೆ ಮುಂಚೆ ತಮ್ಮ ಬಾಯಿಂದಲೇ ಹೇಳಬೇಕು. ಹೆಸರು ತಾವು ಓದಿ ಆಕೆ ತಲೆಯಾಡಿಸಿದರೆ ಅದು ತಮ್ಮ ಸಾಕ್ಷಿಯಾಗುತ್ತದೆಯೇ ಹೊರತು ಆಕೆಯದಲ್ಲ ಎಂದರು. ಗುಮಾಸ್ತನಾಗಿ ನನಗೆ ಇದರಲ್ಲಿ ತಪ್ಪು ಕಾಣಲಿಲ್ಲ. ತಮ್ಮನಾಗಿ ಅವರ ಮೇಲೆ ಸಿಟ್ಟು ಬಂತು.

ಅಕ್ಕನ ಕಡೆ ತಿರುಗಿದೆ. ಅವಳು ಎದ್ದು ಹೊರಗಿನ ಜಗಲಿಗೆ ಹೋಗಿದ್ದಳು. ಹಿಂದೆಯೇ ಹೋದೆ.

“ಒಂದ್ ಮಾತು ಕಣಕ್ಕ. ಹೇಳಿದ್ರೆ ಭಾವ ಮನೆಗೆ ಬರ್ತಾರೆ. ಹೇಳ್ದೆ ಇದ್ರೆ ಇಲ್ಲೇ ಕೆಮ್ಮಿಕೊಂಡು ಮಣಿಯಾಗೇ ಹೋಗ್ತಾರೆ.”

“ನೀನು ಕಾಗ್ದದೋನು, ಅಂಗೇ ಅಂತೀಯ,” ಎಂದಳು. “ಆ ಕೆಮ್ಮು ಕೇಳಿದ್ಯಾ? ನಾನು ಬಾಯ್ಬಿಟ್ಟ ಮ್ಯಾಲೆ ಏನಾರ ಎಚ್ಚುಕಮ್ಮಿ ಆದ್ರೆ ನಿನ್ ಕಾಗ್ದ ತಂದ್ಕೊಡ್ತದಾ?”

ನನಗೆ ಭಯವಾಯಿತು. ಮೂಢನಂಬಿಕೆ ಎಂದು ಬೈಯಬಹುದಿತ್ತು. ಆದರೆ ಇಷ್ಟು ವರ್ಷ ಆ ಮನುಷ್ಯನಿಗಾಗಿ ಅವಳಿಂದ ಮಾಡಲು ಸಾಧ್ಯವಿದ್ದದ್ದು ಇದೊಂದೇ, ಹೆಸರು ಹೇಳದೇ ಇರುವುದು. ಭಾವ ಎಲ್ಲೋ ಬದುಕಿದ್ದದ್ದು ಅದರಿಂದಲೇ ಎಂದು ಅವಳು ನಂಬಿದ್ದರೆ, ಅಲ್ಲವೆನ್ನಲು ನನ್ನ ಹತ್ತಿರ ಯಾವ ದಾಖಲೆಯಿತ್ತು?

ಭಾವ ಬಾಗಿಲಿಗೆ ಬಂದು ನಿಂತಿದ್ದರು. ಒಳಗಿನಿಂದ ಎಲ್ಲ ಕೇಳಿಸಿರಬೇಕು.

“ಯೋಳು,” ಎಂದರು ಅಕ್ಕನಿಗೆ.

“ಆಯಸ್ಸು...”

“ಇಲ್ಲಿರೋ ಆಯಸ್ಸು ಆ ಮಣಿದು,” ಎಂದರು ಭಾವ. “ನಂದು ಊರ್ನಲ್ಲಿ ಅದೆ. ಯೋಳು.”

ಅಕ್ಕ ನಲ್ಲಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿ ಮುಖ ತೊಳೆದಳು. ಸೆರಗಿನಲ್ಲಿ ಒರೆಸಿಕೊಂಡು, ಕುಂಕುಮ ಅಳಿಸಿಲ್ಲವಷ್ಟೆ ಎಂದು ನನ್ನನ್ನು ಕೇಳಿದಳು. ಇಲ್ಲ ಎಂದೆ. ಒಳಗೆ ಹೋಗಿ ಮೇಜಿನ ಮುಂದೆ ನಿಂತಳು. ಮೊದಲ ಸಲ ತುಟಿ ಆಡಿತು, ದನಿ ಬರಲಿಲ್ಲ. ಅಧಿಕಾರಿ ಕೇಳಿಸಲಿಲ್ಲ ಎಂದು ಕಿವಿ ಮುಟ್ಟಿ ತೋರಿಸಿದರು. ಎರಡನೇ ಸಲ ಅವಳು ಎಷ್ಟು ಜೋರಾಗಿ ಹೇಳಿದಳೆಂದರೆ, ಪಕ್ಕದ ಕೋಣೆಯಲ್ಲಿ ಟೈಪು ಮಾಡುತ್ತಿದ್ದವರು ನಿಲ್ಲಿಸಿದರು.

“ಸಿವನಂಜಪ್ಪ. ಅರಕಲಗೂಡು ಸಿವನಂಜಪ್ಪ. ನನ್ ಗಂಡ.”

ನಾನು ಭಾವನನ್ನು ನೋಡಿದೆ. ದೂರದಲ್ಲಿ ಯಾರೋ ಕೂಗಿದಾಗ, ನನ್ನನ್ನೇ ಕರೆದರೇ ಎಂದು ನಾವು ತಿರುಗಿ ನೋಡುತ್ತೇವಲ್ಲ, ಹಾಗೆ ತಲೆ ಎತ್ತಿದ್ದರು.

ಅಧಿಕಾರಿ ಬರೆದುಕೊಂಡು ಮಸಿಯ ಪ್ಯಾಡು ಮುಂದೆ ಸರಿಸಿದರು. ಹೆಬ್ಬೆಟ್ಟು ಒತ್ತಿ ಬಂದ ಅಕ್ಕ, ಮಸಿಯನ್ನು ಸೀರೆಗೆ ಒರೆಸಲು ಮನಸ್ಸಾಗದೆ, ಸರ್ಕಾರದ ಗೋಡೆಗೆ ಒರೆಸಿದಳು. ನಾನು ನೋಡದವನಂತೆ ನಿಂತೆ.

ಧನುಷ್ಕೋಡಿ

ಕಾಗದ ಕೈಗೆ ಬಂದ ಮೇಲೆ ಹೊರಟೆವು. ಮಾಲೀಕರು ಸ್ಟೇಷನ್ನಿಗೆ ಬಂದು, ಹೋಗಿ ಬಾ ಮಣಿ ಎಂದರು. ಅವರಿಗೆ ನಿಜವಾಗಿಯೂ ಬೇಸರವಾಗಿತ್ತು. ದಾರಿಯುದ್ದಕ್ಕೂ ಅಕ್ಕ ಭಾವನ ಉಸಿರನ್ನೇ ಆಲಿಸುತ್ತಿದ್ದಳು. ಕೆಮ್ಮು ಬಂದರೆ ಅವಳ ಮುಖ ಕಪ್ಪಿಡುತ್ತಿತ್ತು, ನಿಂತರೆ ತಿಳಿಯಾಗುತ್ತಿತ್ತು. ಹಡಗಿನಲ್ಲಿ ಅಲೆ ಜೋರಾದಾಗ ಮತ್ತೆ ಸ್ವಾಮಿ ಸ್ವಾಮಿ ಎನ್ನತೊಡಗಿದಳು. ಬಾಯಿ ಒಂದು ಸಲ ಬಿಟ್ಟಾಯಿತಲ್ಲ, ಇನ್ನಾದರೂ ಶಿವ ಎನ್ನಬಾರದೇ ಎಂದು ರೇಗಿಸಿದೆ.

“ಅದು ಕಾಗ್ದಕ್ಕೆ ಯೋಳಿದ್ದು,” ಎಂದಳು. “ಕೆಲ್ಸ ಮುಗೀತು.”

ಆ ಧನುಷ್ಕೋಡಿಯನ್ನು ಆಮೇಲೆ ಸಮುದ್ರವೇ ನುಂಗಿತು. ನಾವು ಇಳಿದ ದಿನ ಅದು ಗಟ್ಟಿಯಾಗಿಯೇ ಇತ್ತು. ಮರಳ ಮೇಲೆ ರೈಲು ನಿಂತಿತ್ತು, ಮೀನು ಒಣಗುತ್ತಿತ್ತು, ನಮ್ಮ ಕಡೆಯ ಮೇಜೂ ಒಂದಿತ್ತು. ವಿಭೂತಿ ಸರಿಯಾಗಿದ್ದುದರಿಂದ ನನ್ನನ್ನು ಬೇಗ ಬಿಟ್ಟರು. ಭಾವನ ಕಾಗದ ನೋಡಿ ಮುದ್ರೆ ಒತ್ತಿದರು. ಕೊನೆಗೆ ಗುಮಾಸ್ತ ಅಕ್ಕನ ರಹದಾರಿ ಎಳೆದುಕೊಂಡು, ತಲೆ ಎತ್ತದೆ ಕೇಳಿದ.

“ಗಂಡನ ಹೆಸರು?”

ಅಭ್ಯಾಸದಂತೆ ನಾನು ಬಾಯಿ ತೆರೆದೆ. ಅಕ್ಕ ನನ್ನ ತೋಳು ಹಿಡಿದು ಹಿಂದಕ್ಕೆ ಸರಿಸಿದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

“ಇಲ್ಲೇ ನಿಂತವ್ರಲ್ಲ ಸಾ,” ಎಂದಳು. “ಅವ್ರನ್ನೇ ಕೇಳಿ.”

ಭಾವ ಮೇಜಿನ ಹತ್ತಿರ ಬಂದು ತಮ್ಮ ಹೆಸರು ಹೇಳಿದರು.